ಜೂನ್ ಒಂದಕ್ಕೆ ಹುಟ್ಟಿದ ಇಬ್ಬರು

ನನ್ನ ವಾರಿಗೆಯವರನ್ನು ಹೊನವಾಡದಲ್ಲಿ ಯಾರನ್ನೇ ಕೇಳಿ, ಹುಟ್ಟಿದ್ದು ಜೂನ್ ಒಂದಕ್ಕೆ ಅನ್ನುತ್ತಾರೆ. ಮಿಕ್ಕ ಹನ್ನೊಂದು ತಿಂಗಳು ನಮ್ಮೂರ ಹೆಂಗಸರು ಹಡೆಯುವುದನ್ನೇ ಬಿಟ್ಟಿದ್ದರೋ ಏನೋ ಎಂದು ಹೊರಗಿನವರಿಗೆ ಅನ್ನಿಸಬೇಕು. ಸಂಗತಿ ಇಷ್ಟೇ. ಶಾಲೆಗೆ ಹೆಸರು ಹಚ್ಚುವ ದಿನ ಹೆಡ್ ಮಾಸ್ತರರು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದವನಿಗೆ ವಯಸ್ಸು ತುಂಬಿದೆ ಎಂದು ಲೆಕ್ಕ. ತಾರೀಖು ಯಾವ ತಾಯಿಗೂ ಗೊತ್ತಿರಲಿಲ್ಲ, ಮಾಸ್ತರರಿಗೆ ಖಾನೆ ತುಂಬಲೇಬೇಕಿತ್ತು, ಶಾಲೆ ಶುರುವಾಗುವುದು ಜೂನ್ ತಿಂಗಳಲ್ಲಿ. ಬರೆದರು, ಮುಗಿಯಿತು. ಆ ಒಂದು ಸಾಲು ನಮ್ಮ ನೌಕರಿ, ನಿವೃತ್ತಿ, ಪಿಂಚಣಿ ಎಲ್ಲವನ್ನೂ ಆಳುತ್ತದೆ ಎಂದು ಆ ಪುಣ್ಯಾತ್ಮರಿಗೆ ಹೇಗೆ ಗೊತ್ತಾಗಬೇಕು.

ಆ ಸಾಲಿನಲ್ಲಿ ನನ್ನ ಪಕ್ಕಕ್ಕೆ ನಿಂತಿದ್ದವನು ಮುಂದೆ ಐವತ್ತು ವರ್ಷ ನನ್ನ ಪಕ್ಕದಲ್ಲೇ ಇದ್ದ. ಅವನ ತಾಯಿ ನಮ್ಮ ಹೊಲಕ್ಕೆ ಕಳೆಕಸ ತೆಗೆಯಲು ಕೂಲಿಗೆ ಬರುವವಳು. ಅವರ ಮನೆ ಊರ ಹೊರಗಿನ ಓಣಿಯಲ್ಲಿತ್ತು. ಆಮೇಲೆ ಅವರು ಬೌದ್ಧರಾದರು. ಮೊದಲ ಕೆಲವು ವರ್ಷ ನಮ್ಮವ್ವ ಅವನಿಗೆ ಹೊರಗಿನ ಕಟ್ಟೆಯ ಮೇಲೆ ಊಟ ಹಾಕುತ್ತಿದ್ದಳು. ಹೈಸ್ಕೂಲಿಗೆ ಬರುವಷ್ಟರಲ್ಲಿ ಪಡಸಾಲೆಗೆ ಬಂದ. ಅವನಿಗೆ ನೌಕರಿ ಸಿಕ್ಕ ಮೇಲೆ ಅಡಿಗೆಮನೆಯಲ್ಲಿ ಒಲೆಯ ಮುಂದೆ ಕೂತು ಉಂಡ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ನಡೆದದ್ದು ಹೀಗೆ.

ತಿಕೋಟಾದ ಹೈಸ್ಕೂಲಿಗೆ ಇಬ್ಬರೂ ಒಂದೇ ಬಸ್ಸಿಗೆ ಜೋತುಬಿದ್ದು ಹೋದೆವು. ವಿಜಯಪುರದಲ್ಲಿ ಒಂದೇ ಖೋಲಿಯಲ್ಲಿದ್ದು ಓದಿದೆವು. ನಾನು ಕನ್ನಡ ಎಂ.ಎ. ಮಾಡಿದೆ, ಅವನು ಇತಿಹಾಸ. ವಿಜಯಪುರದಲ್ಲೇ ಒಂದು ಖಾಸಗಿ ಕಾಲೇಜಿನಲ್ಲಿ ಇಬ್ಬರಿಗೂ ಕೆಲಸ ಸಿಕ್ಕಾಗ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಪೆನ್ನಿನಿಂದ ರುಜು ಹಾಕಿದೆವು. ಪೆನ್ನು ಅವನದು. ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ಎರಡು ಸಾಲು ಆಚೀಚೆ ಮನೆ ಕಟ್ಟಿಸಿಕೊಂಡೆವು. ದಿನಾ ಅವನ ಸ್ಕೂಟರಿನ ಹಿಂದೆ ಕೂತು ಕಾಲೇಜಿಗೆ ಹೋಗುತ್ತಿದ್ದೆ. ನನಗೆ ಗಾಡಿ ಬರುವುದಿಲ್ಲ. ಕಲಿಯುವ ಜರೂರು ಬೀಳದಂತೆ ಅವನು ನೋಡಿಕೊಂಡಿದ್ದ.

ನಮ್ಮ ನೌಕರಿಯ ಕೊನೆಯ ವರ್ಷಗಳಲ್ಲಿ ಹೊಸ ಪಠ್ಯಕ್ರಮ ಬಂತು. ಯಾವ ವಿಭಾಗದ ವಿದ್ಯಾರ್ಥಿಯೂ ಆರಿಸಿಕೊಳ್ಳಬಹುದಾದ ಒಂದು ಪತ್ರಿಕೆಯನ್ನು ನಮ್ಮಿಬ್ಬರ ಕೊರಳಿಗೆ ಕಟ್ಟಿದರು. ಹೆಸರು ‘ಸಾಹಿತ್ಯ ಮತ್ತು ಇತಿಹಾಸದಲ್ಲಿ ಸಂಘರ್ಷ, ಮಹತ್ವಾಕಾಂಕ್ಷೆ ಹಾಗೂ ನಾಯಕತ್ವ.’ ಹಾಜರಿ ಹಿಡಿದು ಈ ಹೆಸರನ್ನು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಅರ್ಧ ಪಿರಿಯಡ್ ಮುಗಿಯುತ್ತಿತ್ತು. ಆದರೂ ಆ ತರಗತಿಗೆ ಕಿಟಕಿಯಲ್ಲಿ ನಿಂತು ಕೇಳುವಷ್ಟು ಮಂದಿ ಬರುತ್ತಿದ್ದರು. ಬರುತ್ತಿದ್ದದ್ದು ಪಾಠಕ್ಕಲ್ಲ, ನಮ್ಮಿಬ್ಬರ ಜಗಳ ನೋಡಲು.

ಅವನು ಸುಲ್ತಾನರ ಮನೆಯ ಕಥೆ ತೆಗೆಯುತ್ತಿದ್ದ. ಯಾವ ಅಣ್ಣ ಯಾವ ತಮ್ಮನ ಕಣ್ಣು ಕೀಳಿಸಿದ, ಯಾವ ಮಂತ್ರಿ ಯಾರನ್ನು ಕೋಟೆಯಲ್ಲಿ ಕೂಡಿಹಾಕಿದ. ಪ್ರತಿ ಮಾತಿಗೂ ಒಂದು ಫರ್ಮಾನು, ಒಂದು ಕಲ್ಲಿನ ಬರಹ ತೋರಿಸುತ್ತಿದ್ದ. ನಾನು ಹಳೆಗನ್ನಡ ಕಾವ್ಯಗಳ ಸೋತ ರಾಜರನ್ನು ಎಬ್ಬಿಸಿ ತರುತ್ತಿದ್ದೆ.

“ಸರ, ಇದಕ್ಕ ಪುರಾವೆ ಏನೈತ್ರಿ?” ಎಂದು ತರಗತಿಯ ಮುಂದೆಯೇ ಅವನು ನನ್ನನ್ನು ಕೆಣಕುತ್ತಿದ್ದ. “ಬಾಯಿಮಾತು ಪುರಾವೆ ಅಲ್ರಿ. ಕಾಗದ ತೋರಸ್ರಿ.”

“ಕಾಗದ ಬರೆದಾಂವ ಗೆದ್ದಾವನ ಮನ್ಯಾಗ ಉಂಡಾಂವ ಇರತಾನ್ರಿ,” ಎಂದು ನಾನು ತಿರುಗಿ ಅನ್ನುತ್ತಿದ್ದೆ. “ಖರೇ ಇತಿಹಾಸ ಮುದುಕ್ಯಾರ ನೆನಪಿನ್ಯಾಗ ಇರತೈತಿ.”

ಹುಡುಗರು ಚಪ್ಪಾಳೆ ಹೊಡೆಯುತ್ತಿದ್ದರು. ಒಂದು ದಿನ ಅವರನ್ನೆಲ್ಲ ಬಾರಾ ಕಮಾನಿಗೆ ಕರೆದುಕೊಂಡು ಹೋಗಿ, ಸುಲ್ತಾನನೊಬ್ಬನ ಗೋರಿಗೆಂದು ಎದ್ದು ಅರ್ಧಕ್ಕೆ ನಿಂತ ಆ ಕಮಾನುಗಳ ಕೆಳಗೆ ಮಹತ್ವಾಕಾಂಕ್ಷೆಯ ಬಗ್ಗೆ ಅರ್ಧ ತಾಸು ಕೊರೆದೆ. ಬಹಳ ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಒಬ್ಬ ಹುಡುಗಿ ಮಾತ್ರ ಕೈ ಎತ್ತಿ ಕೇಳಿದಳು: “ಸರ, ಸಿಂಹಾಸನ ಒಂದ ಇದ್ದು, ಗೆಳ್ಯಾರು ಇಬ್ಬರಿದ್ರ ಏನ್ ಮಾಡಬೇಕ್ರಿ?”

“ಗೆಳೆತನ ದೊಡ್ಡದು ಅಂತ ತಿಳದಾಂವ ಸಿಂಹಾಸನ ಬಿಡತಾನವಾ,” ಎಂದೆ. ಎದೆ ಉಬ್ಬಿಸಿಕೊಂಡು ಹೇಳಿದೆ ಎಂದು ನೆನಪು.

ಕಮಾನಿಗೆ ಒರಗಿ ನಿಂತಿದ್ದ ಅವನು ನಕ್ಕ. “ಬಿಟ್ಟಾವರ ಹೆಸರು ನನಗ ಯಾವ ಶಾಸನದಾಗೂ ಸಿಕ್ಕಿಲ್ಲ,” ಎಂದ.

ಆಚಾರ ಹೇಳುವುದು, ಬದನೆಕಾಯಿ ತಿನ್ನುವುದು ಅಂತಾರಲ್ಲ, ನನ್ನ ಬದನೆಕಾಯಿ ಆ ವರ್ಷವೇ ತಟ್ಟೆಗೆ ಬಂತು. ನಮ್ಮ ಪ್ರಾಂಶುಪಾಲರು ನಿವೃತ್ತರಾಗುವವರಿದ್ದರು. ಉಳಿದವರಲ್ಲಿ ಯಾರು ಹಿರಿಯರೋ ಅವರಿಗೆ ಪ್ರಭಾರ ಕೊಡುವುದು ನಮ್ಮ ಸಂಸ್ಥೆಯ ರೂಢಿ. ಕಚೇರಿಯ ಗುಮಾಸ್ತರು ಸೇವಾ ಪುಸ್ತಕಗಳನ್ನು ತೆಗೆದು ನೋಡಿ ತಲೆ ಕೆರೆದುಕೊಂಡರು. ಮೊದಲ ಇಬ್ಬರು ನಾವೇ. ಸೇವೆಗೆ ಸೇರಿದ ದಿನ ಒಂದೇ. ಅದು ಒಂದೇ ಆದರೆ ವಯಸ್ಸಿನಲ್ಲಿ ಹಿರಿಯರು ಯಾರು ನೋಡಬೇಕು. ಹುಟ್ಟಿದ ದಿನವೂ ಒಂದೇ. ಜೂನ್ ಒಂದು, ಅದೇ ಇಸವಿ, ಅದೇ ಮಾಸ್ತರರ ಅಕ್ಷರ.

ಜೂನ್ ಒಂದಕ್ಕೆ ಹುಟ್ಟಿದವನು ಮೇ ಮೂವತ್ತೊಂದಕ್ಕೆ ನಿವೃತ್ತನಾಗುತ್ತಾನೆ. ಅಂದರೆ ಎರಡು ವರ್ಷ ಬಿಟ್ಟು ನಾವಿಬ್ಬರೂ ಒಂದೇ ಸಂಜೆ ಒಂದೇ ಗೇಟಿನಿಂದ ಹೊರಗೆ ಬೀಳುವವರು. ಈಗ ಆ ಖುರ್ಚಿಯಲ್ಲಿ ಕೂತವನು ಕೊನೆಯ ದಿನದವರೆಗೂ ಕೂಡುತ್ತಾನೆ. ಇನ್ನೊಬ್ಬನಿಗೆ ಪಾಳಿ ಬರುವುದೇ ಇಲ್ಲ.

ನನಗೆ ಆ ಖುರ್ಚಿ ಬೇಕಾಗಿತ್ತು. ಬಹಳ ಬೇಕಾಗಿತ್ತು. ಇದನ್ನು ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ. ಮೂವತ್ತು ವರ್ಷ ಒಬ್ಬನೇ ಒಬ್ಬ ಪ್ರಾಂಶುಪಾಲ ನನ್ನನ್ನು ಕೂಡು ಅಂದಿರಲಿಲ್ಲ. ರಜೆ ಚೀಟಿ ಹಿಡಿದು ಅರ್ಧ ಬಾಗಿಲ ಹೊರಗೆ ನಿಂತು ನಿಂತು, ಒಳಗಿನ ಆ ಎತ್ತರದ ಬೆನ್ನಿನ ಖುರ್ಚಿಯ ಮೇಲೆ ನನಗೆ ಒಂದು ನಮೂನೆ ಹಟ ಬಂದಿತ್ತು. ಅವನಿಗೂ ಬೇಕಾಗಿತ್ತು. ಒಂದೇ ಸಲ ಬಾಯಿ ಬಿಟ್ಟು ಹೇಳಿದ. ಸ್ಕೂಟರ್ ಸಿಗ್ನಲ್ಲಿನಲ್ಲಿ ನಿಂತಿತ್ತು. ಹಿಂದೆ ತಿರುಗದೆ, “ನಮ್ಮ ಓಣ್ಯಾಗಿಂದ ಪ್ರಿನ್ಸಿಪಾಲ ಆದಾಂವ ಇನ್ನೂ ಯಾರೂ ಇಲ್ಲ ನೋಡು,” ಎಂದ. ಹಸಿರು ದೀಪ ಬಂತು, ಹೋದೆವು.

ಸಂಸ್ಥೆಯ ಕಾರ್ಯದರ್ಶಿ ಬಬಲೇಶ್ವರದವರು. ಒಂದು ಭಾನುವಾರ ಮುಂಜಾನೆ ಇಬ್ಬರನ್ನೂ ಮನೆಗೆ ಕರೆಸಿದರು. ಚಹಾ ಕೊಟ್ಟರು. ಎರಡೂ ಪುಸ್ತಕ ಮುಂದಿಟ್ಟುಕೊಂಡು ಹೊಟ್ಟೆ ಅಲುಗುವಂತೆ ನಕ್ಕರು.

“ಏನ್ರಿ ಮಾಸ್ತರ, ಅವಳಿ ಜವಳಿ ಏನ್ರಿ ನೀವು? ಚೀಟಿ ಎತ್ತೂಣು ಅಂದ್ರ ನಾಳೆ ಮಂದಿ ನಗತಾರ. ಕಾಗದ ಸುಡ್ಲಿ, ನಿಮ್ಮಿಬ್ಬರಾಗ ಖರೇ ದೊಡ್ಡಾವರು ಯಾರು, ಅದರ ಹೇಳ್ರಿ. ನಿಮ್ಮ ನಿಮ್ಮ ಮನ್ಯಾಗ ಗೊತ್ತಿರಬೇಕಲ್ಲ?”

ನಾನು ಕಪ್ಪಿನಲ್ಲಿ ಉಳಿದ ಚಹಾ ನೋಡುತ್ತ ಕೂತೆ. ಅವನೇ ಮಾತಾಡಿದ.

“ನಮ್ಮವ್ವ ತೀರಿಕೊಂಡು ಭಾಳ ವರ್ಷಾತ್ರಿ. ಇವರವ್ವ ಅದಾರ, ಗಟ್ಟಿ ಅದಾರ. ನಮ್ಮವ್ವ ಅವರ ಹೊಲದಾಗ ದುಡದಾಕಿ. ಇಬ್ಬರ ಹುಟ್ಟೂ ಅವರಿಗೆ ಗೊತ್ತಿರತೈತಿ. ಅವರು ಯಾರ ಹೆಸರು ಹೇಳತಾರ, ನಾ ಅದಕ ಒಪ್ಪಿದೆ.”

“ಕಾಗದ ಪತ್ರ ಏನೂ ಬ್ಯಾಡೇನು?” ಎಂದು ಕಾರ್ಯದರ್ಶಿ ಕೇಳಿದರು.

“ಆ ಅವ್ವನ ಮಾತಿಗಿಂತ ದೊಡ್ಡ ಕಾಗದ ನನಗ ಬ್ಯಾಡ್ರಿ,” ಎಂದ.

ಬಾಯಿಮಾತು ಪುರಾವೆಯಲ್ಲ ಎಂದು ನಾಲ್ಕು ತಂಡ ಹುಡುಗರಿಗೆ ಪಾಠ ಮಾಡಿದ ಇತಿಹಾಸದ ಮೇಷ್ಟ್ರು! ನನಗೆ ನಗು ಬರಬೇಕಿತ್ತು. ಬರಲಿಲ್ಲ. ಕಾರ್ಯದರ್ಶಿ ನನ್ನ ಕಡೆ ನೋಡಿ, “ಹಂಗಾದ್ರ ಕೇಳಿಕೊಂಡು ಬರ್ರಿ. ಬುಧವಾರ ಕಾಲೇಜಿಗೆ ಬರತೀನಿ,” ಎಂದರು.

ಮರುದಿನ ಒಂದು ದಿನದ ರಜೆ ಹಾಕಿ ಬಸ್ಸು ಹಿಡಿದು ಹೊನವಾಡಕ್ಕೆ ಹೋದೆ. ಅವ್ವ ನನ್ನ ತಮ್ಮನ ಸಂಸಾರದ ಜೊತೆ ಊರಲ್ಲೇ ಇರುತ್ತಾಳೆ. ನಮ್ಮದು ದ್ರಾಕ್ಷಿ ತೋಟ. ಆ ದಿನಗಳಲ್ಲಿ ಮನೆ ತುಂಬ ಒಣದ್ರಾಕ್ಷಿ. ಎಂಬತ್ತರ ಆಚೆಯ ಮುದುಕಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮೊರದಲ್ಲಿ ಕಡ್ಡಿ ಆರಿಸುತ್ತಿದ್ದಳು. ಕಣ್ಣಿಗೆ ಚಷ್ಮಾ ಇಲ್ಲ. ಕೂಲಿಯ ಹೆಣ್ಣುಮಕ್ಕಳು ಆರಿಸಿಟ್ಟದ್ದರಲ್ಲೂ ಮತ್ತೆ ಕಡ್ಡಿ ಹುಡುಕಿ ಅವರಿಗೆ ಬೈಯುತ್ತಿದ್ದಳು.

ನಾನು ಸುಮ್ಮನೆ ಬಂದವನಂತೆ ಕೂತು, ಊರ ಸುದ್ದಿ ಕೇಳಿ, ಮಳೆಯ ಸುದ್ದಿ ಕೇಳಿ, ಕಡೆಗೆ ಹೆಂಗೋ ಮಾತು ಅಲ್ಲಿಗೆ ತಂದೆ. “ಯವ್ವಾ, ನಾ ದೊಡ್ಡಾಂವೋ ಅಂವ ದೊಡ್ಡಾಂವೋ?”

“ಅಂವ,” ಎಂದಳು. ಮೊರದಿಂದ ತಲೆ ಎತ್ತಲಿಲ್ಲ.

“ಹೆಂಗ ಹೇಳತಿ? ಸಾಲ್ಯಾಗ ಇಬ್ಬರದೂ ಒಂದ ತಾರೀಖು ಐತಿ.”

“ಸಾಲ್ಯಾಗ ಐತಿ, ಹೊಟ್ಟ್ಯಾಗ ಇಲ್ಲ. ನಿನ್ನ ಕೈ ಕಿವಿಗೆ ಮುಟ್ಟಿದ್ದಿಲ್ಲ. ನಿಮ್ಮಪ್ಪ ಹಿಂದಿಂದ ನಿನ್ನ ತಲಿ ವಾಲಿಸಿ ಮುಟ್ಟಿಸ್ಯಾನ. ಕಣದ ಹೊಲದಾಗ ಜೋಳದ ಕಸ ತೆಗಿಯಾಕ ಹಚ್ಚಿದ್ವಿ. ಅವರವ್ವ ಬೇವಿನ ಗಿಡಕ್ಕ ಜೋಳಿಗಿ ಕಟ್ಟಿ ಅವನ್ನ ಮಲಗಿಸಿದ್ಲು. ನಾ ಬುತ್ತಿ ಹೊತಗೊಂಡು ಹೋಗಿದ್ದೆ. ಆ ಕೂಸು ಅಳಾಕತ್ತಿತ್ತು, ನಾನ ತೂಗಿದೆ. ಆವಾಗ ನೀ ಇನ್ನೂ ನನ್ನ ಹೊಟ್ಟ್ಯಾಗ ಒದೀತಿದ್ದಿ. ಇನ್ನೇನ್ ಬೇಕು?”

ನಾನೂ ಮೊರಕ್ಕೆ ಕೈ ಹಾಕಿ ಒಂದು ಕಡ್ಡಿ ಆರಿಸಿದೆ. ಆಮೇಲೆ, ಯಾಕೆ ಹಾಗೆ ಅಂದೆನೋ, “ಭಾಳ ವರ್ಷದ ಮಾತು ಬೇ. ನೆನಪು ಅತ್ತಿತ್ತ ಆಗಿರಬೇಕು, ನೋಡು,” ಎಂದೆ.

ಆಗ ಅವ್ವ ತಲೆ ಎತ್ತಿದಳು. “ಕೇಳಾಕ ಬಂದೀಯೋ, ಹೇಳಿಸಾಕ ಬಂದೀಯೋ?” ಎಂದಳು.

ಊಟ ಮಾಡಿ, ಮೂರು ಗಂಟೆಯ ಬಸ್ಸಿಗೆ ತಿರುಗಿ ಬಂದೆ. ಬಸ್ಸು ತಿಕೋಟಾ ದಾಟುವವರೆಗೆ ಖರೇ ಹೇಳಿಬಿಡಬೇಕು ಎಂದೇ ಇದ್ದೆ. ಆಮೇಲೆ ವಿಜಯಪುರ ಹತ್ತಿರವಾದಂತೆ ಲೆಕ್ಕ ಹಾಕತೊಡಗಿದೆ. ಖರೇ ಹೇಳಿದರೆ ಮುಗಿಯಿತು. ಸುಳ್ಳು ಹೇಳಿ ನಾನೇ ಹಿರಿಯ ಅಂದರೆ ಅವ್ವನ ಬಾಯಲ್ಲಿ ಸುಳ್ಳು ತುರುಕಿದಂತೆ. ಏನೂ ಗೊತ್ತಾಗಲಿಲ್ಲ ಅಂದರೆ? ಆಗ ಮತ್ತೆ ಇಬ್ಬರೂ ಸರಿಸಮ, ಆಮೇಲೆ ಕಾರ್ಯದರ್ಶಿಯ ಮನಸ್ಸು. ಅದರಲ್ಲಿ ಅಂಥ ಪಾಪವೇನೂ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾವ್ಯಗಳಲ್ಲಿ ಮಹತ್ವಾಕಾಂಕ್ಷಿಗಳಿಗೆ ಕತ್ತಿ, ವಿಷ, ಸೈನ್ಯ ಎಲ್ಲ ಬೇಕಾಗುತ್ತದೆ. ನನಗೆ ಸಾರಿಗೆ ಬಸ್ಸಿನ ಕಿಟಕಿ ಪಕ್ಕದ ಸೀಟು ಸಾಕಾಯಿತು.

ಬುಧವಾರ ಪ್ರಾಂಶುಪಾಲರ ಖೋಲಿಯಲ್ಲಿ ಕಾರ್ಯದರ್ಶಿ, ಅವನು, ನಾನು, ಮೂವರೇ ಇದ್ದೆವು. “ಏನ್ ಅಂದ್ರು ಅವ್ವಾರು?” ಎಂದು ಕಾರ್ಯದರ್ಶಿ ಕೇಳಿದರು.

“ಏನ್ ಹೇಳ್ಲಿರಿ,” ಎಂದೆ. “ಅವ್ವಗ ಮರವು ಬಂದೈತ್ರಿ. ಒಮ್ಮೆ ಇವ ದೊಡ್ಡಾಂವ ಅಂತಾಳ, ಒಮ್ಮೆ ನಾ ಅಂತಾಳ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಮೂವತ್ತು ವರ್ಷ ಕಥೆ ಹೇಳಿ ಹೊಟ್ಟೆ ಹೊರೆದ ನಾಲಿಗೆ ನಿಲ್ಲಲಿಲ್ಲ. “ಈಗೀಗ ನನ್ನ ಗುರ್ತನ ಹತ್ತೂದಿಲ್ರಿ ಒಮ್ಮೊಮ್ಮೆ. ನೀ ಯಾರು ಅಂತ ಕೇಳತಾಳ,” ಎಂದುಬಿಟ್ಟೆ. ಹೇಳುವಾಗ ದನಿ ತಾನಾಗಿ ಒಡೆಯಿತು. ಅದು ನಟನೆಯೋ, ಹೆದರಿಕೆಯೋ, ಈಗಲೂ ಹೇಳಲಾರೆ.

ಅವನ ಮುಖ ಬಾಡಿತು. ಆಮೇಲೆ ಅವನು ಕಾರ್ಯದರ್ಶಿಯತ್ತ ತಿರುಗಿ, “ಸಾಕ್ರಿ ಈ ವ್ಯಾಜ್ಯ. ಹಡದ ತಾಯಿ ಮಗನ್ನ ಮರತ ಮ್ಯಾಗ ಇವನ ಎದಿಯೊಳಗ ಏನಾಗಿರಬೇಕು! ಇವಗ ಕೊಡ್ರಿ. ನಾ ಬರದು ಕೊಡತೀನಿ,” ಎಂದ. ಅಲ್ಲೇ ಒಂದು ಹಾಳೆ ತೆಗೆದುಕೊಂಡು, ತನಗಿಂತ ನಾನು ವಯಸ್ಸಿನಲ್ಲಿ ಹಿರಿಯನೆಂದೂ, ಪ್ರಭಾರವನ್ನು ನನಗೆ ವಹಿಸಲು ತನ್ನ ಅಭ್ಯಂತರವಿಲ್ಲವೆಂದೂ ಬರೆದು ರುಜು ಮಾಡಿದ. ನನ್ನ ಹೆಗಲ ಮೇಲೆ ಕೈ ಇಟ್ಟು ಹೊರಗೆ ಹೋದ.

ನಾನು ಗೆದ್ದೆ. ಹಾರ ಹಾಕಿದರು, ಪೇಢೆ ಹಂಚಿದರು. ಫೋಟೊದಲ್ಲಿ ಅವನು ನನ್ನ ಹಿಂದೆ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಾನೆ. ಆ ಎತ್ತರದ ಬೆನ್ನಿನ ಖುರ್ಚಿ ಕೂಡಲು ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಆ ವಾರವೆಲ್ಲ ನನಗೆ ಖುಷಿಯೇ ಆಗಿತ್ತು.

ಸೋಮವಾರ ಮುಂಜಾನೆ ಅವನು ಸ್ಕೂಟರ್ ಮನೆ ಮುಂದೆ ನಿಲ್ಲಿಸಿದ. ಹಾರ್ನ್ ಹೊಡೆಯಲಿಲ್ಲ, ಒಳಗೇ ಬಂದ.

“ನಿನ್ನೆ ಹೊನವಾಡಕ್ಕ ಹೋಗಿದ್ನೋ,” ಎಂದ. “ಅವ್ವನ್ನ ಮಾತಾಡ್ಸಿಕೊಂಡು ಬರೂಣು ಅಂತ.”

ನನ್ನ ಕೈಯಲ್ಲಿದ್ದ ಬಾಚಣಿಗೆ ಕೈಯಲ್ಲೇ ಉಳಿಯಿತು. ಸಿಕ್ಕಿಬಿದ್ದೆ ಎಂದುಕೊಂಡೆ. ಅವನು ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾದೆ.

“ನೀ ಅಂದದ್ದು ಖರೇ,” ಎಂದ. “ಅವ್ವಗ ನನ್ನ ಗುರ್ತ ಹತ್ತಲಿಲ್ಲ. ಯಾರಪ್ಪಾ ನೀನು ಅಂದ್ಲು. ನಡಿ, ಹೊತ್ತಾತು.”

ಸ್ಕೂಟರಿನ ಹಿಂದೆ ಕೂತೆ. ನನಗೆ ತಲೆ ಬುಡ ತಿಳಿಯಲಿಲ್ಲ. ಎಂಟು ದಿನದ ಹಿಂದೆ ಐವತ್ತೆಂಟು ವರ್ಷದ ಹಿಂದಿನ ಬೇವಿನ ಗಿಡ ನೆನಪಿಟ್ಟಿದ್ದ ಮುದುಕಿಗೆ ಇವನ ಗುರ್ತು ಹತ್ತಲಿಲ್ಲವೇ? ನನ್ನ ಬಾಯಿಂದ ಬಂದದ್ದು ಅವಳಿಗೆ ತಗಲಿತೇ? ಹುಚ್ಚು ಹಿಡಿದವನಂತೆ ನಾಲ್ಕು ಸಹಿ ಹಾಕಿ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಓಡಿದೆ.

ಅವ್ವ ಅಲ್ಲೇ ಕೂತಿದ್ದಳು, ಅದೇ ಮೊರ. ನನ್ನನ್ನು ನೋಡಿ, “ಬಂದೇನು? ಖುರ್ಚಿ ಹೆಂಗೈತಿ? ಮೆತ್ತಗೈತೇನು?” ಎಂದಳು.

ಮರೆವೂ ಇಲ್ಲ, ಮಣ್ಣೂ ಇಲ್ಲ. ಹೋದ ಜೀವ ಬಂತು, ಮರುಕ್ಷಣ ಮತ್ತೆ ಹೋಯಿತು.

“ಯವ್ವಾ, ಅಂವ ಬಂದಿದ್ನಂತ...”

“ಬಂದಿದ್ದ. ಸೇಬು ತಂದಾನ, ಒಳಗ ಅದಾವ, ತಿನ್ನು. ಅಂಗಳದಾಗ ನಿಂತು ನಿನ್ನ ತಮ್ಮನ ಮುಂದ ಕೇಳಾಕತ್ತಿದ್ದ, ‘ಅವ್ವಗ ಮರವು ಬಂದೈತಂತಲ್ಲ, ಮಗನ ಗುರ್ತನೂ ಹತ್ತವೊಲ್ದಂತಲ್ಲ, ಡಾಕ್ಟರಿಗೆ ತೋರಿಸೀರಿಲ್ಲೋ’ ಅಂತ. ನಿನ್ನ ತಮ್ಮ ಪಕಪಕ ನಕ್ಕಿದ್ರ ನಿನ್ನ ಮಾನ ಅಲ್ಲೇ ಅಂಗಳದಾಗ ಬೀಳತಿತ್ತು. ನಾ ಒಳಗಿಂದ ಕೇಳಿದೆ. ನೀ ಪ್ರಿನ್ಸಿಪಾಲ ಆದ ಸುದ್ದಿ ಮೊದಲ ಬಂದಿತ್ತು. ಯಾರು ದೊಡ್ಡಾಂವ ಅಂತ ಯಾಕ ಕೇಳಿದ್ದಿ, ನೀ ಏನ್ ಮಾಡೀದಿ ಅನ್ನೂದು ಆ ಒಂದ ಮಾತಿನ್ಯಾಗ ತಿಳೀತು. ಅದಕ ಎದ್ದು ಹೊರಗ ಬಂದು, ಯಾರಪ್ಪಾ ನೀನು ಅಂದೆ.”

ಕಡ್ಡಿಯೊಂದನ್ನು ಆರಿಸಿ ಆಚೆ ಎಸೆದಳು. 

“ಅಂವ ನನ್ನ ಕಾಲ ಹಂತ್ಯಾಕ ಕೂತು, ತನ್ನ ಹೆಸರು, ಅವರವ್ವನ ಹೆಸರು, ಎಲ್ಲಾ ಹೇಳಿದ, ಸಣ್ಣ ಹುಡುಗಗ ಹೇಳಿದಂಗ. ನಾ ಗೊತ್ತಿಲ್ಲ, ಗೊತ್ತಿಲ್ಲ ಅಂತ ತಲಿ ಅಲ್ಲಾಡ್ಸಿದೆ. ಕಟ್ಟೀ ಮ್ಯಾಲ ಕುಂಡ್ರಿಸಿ ಉಣ್ಣಾಕ ಹಾಕಿದ ಪಾಪ ಒಂದ ಇತ್ತು, ಅದನ್ನ ಹೆಂಗೋ ತೊಳಕೊಂಡಿದ್ದೆ ಅಂತ ತಿಳದಿದ್ದೆ. ಈಗ ನಿನ್ನ ಸಲುವಾಗಿ ಅದಕ್ಕಿಂತ ದೊಡ್ಡದು ಮಾಡೀನಿ.”

ನಾನು ಕಾಲು ಮುಟ್ಟಲು ಹೋದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ನಾನು ತಡೆದುಕೊಳ್ಳಬಹುದಿತ್ತು.

ಮರುದಿನ ಕಾಲೇಜು ಬಿಟ್ಟ ಮೇಲೆ, ನನ್ನ ಹೊಸ ಖೋಲಿಗೆ ಅವನನ್ನು ಕರೆದು ಬಾಗಿಲು ಹಾಕಿದೆ. ಎದುರಿಗೆ ನಿಂತೇ ಎಲ್ಲವನ್ನೂ ಹೇಳಿದೆ: ಬೇವಿನ ಗಿಡ, ಜೋಳಿಗೆ, ಬಸ್ಸಿನಲ್ಲಿ ಹಾಕಿದ ಲೆಕ್ಕ. “ಅವ್ವಗ ಏನೂ ಆಗಿಲ್ಲ. ಸುಳ್ಳ ಹೇಳಿದೆ. ನೀನ ದೊಡ್ಡಾಂವ. ನಾಳೆನ ರಾಜೀನಾಮೆ ಬರದು ಕೊಡತೀನಿ,” ಎಂದೆ.

ಅವನು ಸಂದರ್ಶಕರ ಖುರ್ಚಿಯಲ್ಲಿ ಕೂತಿದ್ದ. ಅಚ್ಚರಿಪಡಲಿಲ್ಲ.

“ಗೊತ್ತೈತಿ,” ಎಂದ.

“ಅವ್ವ ಹೇಳಿದ್ಲಾ?”

“ಅವ್ವ ಏನೂ ಹೇಳಿಲ್ಲ. ಊಟಕ್ಕ ಕುಂಡ್ರಿಸಿದ್ಲು. ನಿನ್ನ ತಮ್ಮನ ಹೆಂಡತಿ ಬದನಿಕಾಯಿ ಪಲ್ಲೆ ಹಾಕಾಕ ಬಂದ್ಲು. ಅವ್ವ ಆಕಿ ಕೈ ಹಿಡದು, ‘ಅದರಾಗ ಶೇಂಗಾ ಐತಿ, ಇವಗ ಬ್ಯಾಡ’ ಅಂದ್ಲು. ಎದ್ದು ಹೋಗಿ ಅಗಸಿ ಚಟ್ನಿ ಡಬ್ಬಿ ತಂದು ತಾನ ಹಾಕಿದ್ಲು. ಶೇಂಗಾ ತಿಂದ್ರ ನನಗ ಮಾರಿ ಎಲ್ಲಾ ಬಾತಗೋತೈತಿ ಅನ್ನೂದು ನನ್ನ ಸೊಸಿಗೂ ನೆನಪಿರೂದಿಲ್ಲೋ. ಗುರ್ತ ಇಲ್ಲದ ಮನಶ್ಯಾಗ ಹಂಗ ಯಾರು ಹಾಕತಾರ? ಹಾಕಿದ ಮ್ಯಾಗೂ ತನ್ನ ಗುಟ್ಟು ಬಿಟ್ಟದ್ದು ಆಕಿಗೆ ತಿಳೀಲಿಲ್ಲ. ನಾ ತಲಿ ತೆಳಗ ಹಾಕಿ ಉಂಡೆ.”

ನನಗೆ ಅಳು ಬಂತು. ಅವನು ಅದನ್ನು ನೋಡಿ ಸಿಟ್ಟಾದ. ಐವತ್ತು ವರ್ಷದಲ್ಲಿ ಅವನು ನನ್ನ ಮೇಲೆ ದನಿ ಎತ್ತಿದ್ದು ಆ ದಿನ ಮಾತ್ರ.

“ಅಳಬ್ಯಾಡ ಲೇ. ನಿನ್ನ ಅಳು ನೋಡಿ ಒಮ್ಮೆ ಖುರ್ಚಿ ಕೊಟ್ಟೇನಿ, ಸಾಕು. ಕೇಳಿದ್ರ ನಾನ ಕೊಡತಿದ್ದೆ ಅಂತ ಹೇಳಂಗಿಲ್ಲ. ಕೊಡತಿದ್ದಿಲ್ಲ. ನನಗೂ ಬೇಕಾಗಿತ್ತು. ಆದ್ರ ಹಡದ ಅವ್ವನ್ನ ಮರವಿನಾಕಿ ಮಾಡತಿದ್ದಿಲ್ಲ.”

“ಅದಕ ಬಿಡತೀನಿ ಅನ್ನಾಕತ್ತೇನಿ...”

“ಬಿಡಬ್ಯಾಡ. ನೀ ಬಿಟ್ರ ಯಾಕ ಬಿಟ್ಟಿ ಅಂತ ಊರಿಗೆಲ್ಲಾ ತಿಳೀತೈತಿ. ನನಗ ಗೊತ್ತಾಗೈತಿ ಅಂತ ಅವ್ವಗೂ ತಿಳೀತೈತಿ. ಆ ವಯಸ್ಸಿನ್ಯಾಗ ಆಕಿ ಅಷ್ಟು ತ್ರಾಸ ಪಟ್ಟು ಆಡಿದ್ದು ಹಾಳಾಗತೈತಿ. ನನಗ ಮಾರಿ ತೋರಸಲಾರದಂಗ ಆಗತಾಳ. ಆಕಿಗೆ ಗೊತ್ತಾಗಬಾರದು. ನೀ ಸುಮ್ಮ ಕೂಡು ಅಲ್ಲೇ. ನಿನ್ನ ಸಲುವಾಗಿ ಅಲ್ಲ, ತಿಳಕೋ.”

ಎದ್ದು ಹೋದ. ಮರುದಿನದಿಂದ ನಾನು ಆಟೋದಲ್ಲಿ ಕಾಲೇಜಿಗೆ ಹೋದೆ. ನಮ್ಮಿಬ್ಬರ ಆ ಪತ್ರಿಕೆಯನ್ನು ಅವನೊಬ್ಬನೇ ಪಾಠ ಮಾಡಿದ. ಪ್ರಾಂಶುಪಾಲರಿಗೆ ಆಡಳಿತದ ಹೊರೆ ಇದೆ ಎಂದು ಹುಡುಗರಿಗೆ ಹೇಳಿದನಂತೆ. ಕಿಟಕಿಯಲ್ಲಿ ನಿಂತು ಕೇಳುವವರು ಕಡಿಮೆಯಾದರು. ಎರಡು ವರ್ಷ ನಾನು ಆ ಖುರ್ಚಿಯಲ್ಲಿ ಕೂತೆ. ಹೊಸ ಗ್ರಂಥಾಲಯಕ್ಕೆ ಜಾಗ ಮಾಡಿಸಿದೆ, ಹೆಣ್ಣುಮಕ್ಕಳ ಶೌಚಾಲಯ ಕಟ್ಟಿಸಿದೆ, ರಜೆ ಚೀಟಿ ಹಿಡಿದು ಬಂದವರನ್ನೆಲ್ಲ ಕೂಡ್ರಿ ಅಂದೆ. ಕೆಟ್ಟ ಪ್ರಾಂಶುಪಾಲ ಅನ್ನಿಸಿಕೊಳ್ಳಲಿಲ್ಲ. ಮೇ ಮೂವತ್ತೊಂದರ ಸಂಜೆ ಇಬ್ಬರಿಗೂ ಒಂದೇ ವೇದಿಕೆಯ ಮೇಲೆ ಶಾಲು ಹೊದಿಸಿದರು. ಅವನು ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿದ. ಒಂದೂ ಸುಳ್ಳಿರಲಿಲ್ಲ, ಎಲ್ಲವೂ ನಮ್ಮ ಹೈಸ್ಕೂಲಿನ ಕಾಲದ ಮಾತು.

ಅವ್ವ ಈಗಲೂ ಇದ್ದಾಳೆ. ತಿಂಗಳಿಗೊಮ್ಮೆ ಅವನು ಹೊನವಾಡಕ್ಕೆ ಹೋಗುತ್ತಾನೆ. ಅವ್ವ ಪ್ರತಿ ಸಲ “ಯಾರಪ್ಪಾ ನೀನು?” ಎಂದು ಕೇಳುತ್ತಾಳೆ. ಅವನು ಪ್ರತಿ ಸಲ ತನ್ನ ಹೆಸರು, ತನ್ನ ಓಣಿ, ತನ್ನ ತಾಯಿಯ ಹೆಸರು ಹೇಳುತ್ತಾನೆ. ಮಕ್ಕಳೆಷ್ಟು ಎಂದು ಕೇಳುತ್ತಾಳೆ, ಹೇಳುತ್ತಾನೆ. ಮೊಮ್ಮಗನಿಗೆ ಹಲ್ಲು ಬಂದದ್ದು ಹೇಳುತ್ತಾನೆ, ಹೊಸ ಸುದ್ದಿ ಎಂಬಂತೆ ಕಣ್ಣರಳಿಸಿ ಕೇಳುತ್ತಾಳೆ. ಒಂದೆರಡು ಸಲ ನಾನೂ ಅಲ್ಲೇ ಇದ್ದೆ. ತಾಸುಗಟ್ಟಲೆ ಇಬ್ಬರೂ ಹಾಗೆ ಮಾತಾಡುತ್ತ ಕೂಡುತ್ತಾರೆ.

ನಾನು ಹೋದರೆ ತಟ್ಟೆ ಹಾಕುತ್ತಾಳೆ, ರೊಟ್ಟಿ ಬಡಿಸುತ್ತಾಳೆ. ಏನೂ ಕೇಳುವುದಿಲ್ಲ.